ತಾಯಿ ಮೊಲವನ್ನು ದೂರುವ ಮುನ್ನ

ಕಟಪಾಡಿಯ ಆಸುಪಾಸಿನಲ್ಲಿ ಮೊಲ ಸಾಕುವವರಿಗೆ ಒಂದು ಕಿವಿಮಾತು: ತಾಯಿ ಮರಿಗಳನ್ನು ಬಿಟ್ಟುಬಿಟ್ಟಿತೆಂದು ಬೈಯುವ ಮೊದಲು ಗೂಡಿಟ್ಟ ಜಾಗವನ್ನು ನೋಡಿ. ಸುಮಾರು 31 ದಿನ ಗಬ್ಬ ಹೊತ್ತ ಮೊಲದಲ್ಲಿ ಮರಿ ಹಾಕುವ ಹೊತ್ತಿಗೆ ಪ್ರೊಜೆಸ್ಟರಾನ್ ಹಾರ್ಮೋನು ಇಳಿದು ಪ್ರೊಲ್ಯಾಕ್ಟಿನ್ ಹಾರ್ಮೋನು ಏರುತ್ತದೆ. ಆಗಲೇ ಅದು ಬಾಯ್ತುಂಬ ಹುಲ್ಲು ಕಚ್ಚಿಕೊಂಡು ಓಡಾಡುವುದು, ತನ್ನದೇ ಎದೆಯ ತುಪ್ಪಳ ಕಿತ್ತು ಹಾಸುವುದು. ಈ ಹೊತ್ತಿನಲ್ಲಿ ನಾಯಿ ಮೇಲೆ ಬಿದ್ದು ಬೊಗಳಿದರೆ, ಹೆದ್ದಾರಿ 66ರ ಹಾರ್ನ್ ಕಿವಿಗೆ ಬಡಿಯುತ್ತಿದ್ದರೆ, ತಗಡಿನ ಮಾಡಿನಡಿ ಏಪ್ರಿಲ್ ಸೆಕೆಯಲ್ಲಿ ಬೇಯುತ್ತಿದ್ದರೆ ಒತ್ತಡದ ಹಾರ್ಮೋನುಗಳು ಮೇಲೇಳುತ್ತವೆ. ಅಡ್ರಿನಲಿನ್ ಹಾಲಿಳಿಯುವುದನ್ನು ತಡೆಯುತ್ತದೆ. ಬೆದರಿದ ತಾಯಿ ಗೂಡಿಗೆ ಹಾರಿ ಮರಿಗಳನ್ನೇ ತುಳಿಯಬಹುದು. ಮೊಲ ಬೆವರಿ ತಣಿಯುವ ಪ್ರಾಣಿಯಲ್ಲ, ಮೈಬಿಸಿಯನ್ನು ಬಹುಪಾಲು ಕಿವಿಗಳಿಂದ ಹೊರಹಾಕಬೇಕು. 30 ಡಿಗ್ರಿ ದಾಟಿದ ಕರಾವಳಿಯ ಸೆಕೆ ಅದಕ್ಕೆ ನಿಜವಾದ ಹಿಂಸೆ.

ಹಾಗಾದರೆ ಒತ್ತಡದ ಹಾರ್ಮೋನಾದ ಕಾರ್ಟಿಸಾಲ್ ಶತ್ರುವೇ? ಅಲ್ಲ. ಪ್ರೊಲ್ಯಾಕ್ಟಿನ್ ಜೊತೆ ಸೇರಿ ಹಾಲಿನ ಪ್ರೋಟೀನ್ ತಯಾರಾಗಲು ಅದೂ ನೆರವಾಗುತ್ತದೆ. ಕೆಡುವುದು ಹೆದರಿಕೆ ದಿನವಿಡೀ ಬಿಡದೆ ಕಾಡಿದಾಗ. ‘ನಮ್ಮ ಮೊಲ ಗೂಡಿನ ಹತ್ತಿರವೂ ಸುಳಿಯುವುದಿಲ್ಲವಲ್ಲ’ ಎನ್ನುವವರಿದ್ದಾರೆ. ಅದು ಅಲಕ್ಷ್ಯವಲ್ಲ, ಸಾಮಾನ್ಯವಾಗಿ ದಿನಕ್ಕೆ ಒಂದೇ ಸಲ, ಮೂರ್ನಾಲ್ಕು ನಿಮಿಷ ಹಾಲೂಡುವುದು ಅದರ ಕ್ರಮ. ಕಾಡಿನಲ್ಲಾದರೆ ಬಿಲದ ಬಳಿ ಸುಳಿದಾಡಿದರೆ ಬೇಟೆಯಾಡುವ ಪ್ರಾಣಿಗೆ ಸುಳಿವು ಸಿಕ್ಕೀತು. ಬೆಳಿಗ್ಗೆ ಮರಿಗಳ ಹೊಟ್ಟೆ ಉಬ್ಬಿ ಚರ್ಮ ಬಿಗಿಯಾಗಿದ್ದರೆ ಚಿಂತೆ ಬೇಡ. ಚರ್ಮ ಸುಕ್ಕಿ ಮೈ ತಣ್ಣಗಿದ್ದರೆ ತಡಮಾಡದೆ ಪಶುವೈದ್ಯರನ್ನು ಕೇಳಿ. ಮರಿ ಹಾಕುವ ಮೂರ್ನಾಲ್ಕು ದಿನ ಮೊದಲೇ ಪೆಟ್ಟಿಗೆ, ಒಣ ಬೈಹುಲ್ಲು ಇಟ್ಟುಬಿಡಿ, ಮಾಡಿನ ಮೇಲೆ ತೆಂಗಿನ ಮಡಲು ಹೊದಿಸಿ, ಮರಿ ನೋಡಲು ಬರುವ ನೆಂಟರ ಮಕ್ಕಳನ್ನು ಒಂದೆರಡು ವಾರ ದೂರವೇ ನಿಲ್ಲಿಸಿ.