ಗಿಲಾವು ಮಾಡಿಸುವ ಮೊದಲು

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನೀನು ಅಂದ ಮಾತು ನನ್ನ ತಲೆಯಿಂದ ಹೋಗಿಲ್ಲ. "ಕಾಕಾ, ಹೊಸ ಮನಿಯಾಗ ಒಂದ ವಾಯರೂ ಕಣ್ಣಿಗೆ ಬೀಳಬಾರದು ನೋಡ್ರಿ" ಅಂದೆ. "ಆಗಲಿ ಬಿಡವಾ" ಅಂದು ಫೋನ್ ಇಟ್ಟೆ. ರಾತ್ರಿ ನಿದ್ದೆ ಹತ್ತಲಿಲ್ಲ. ನಲವತ್ತು ವರ್ಷ ಮಹಾಲಿಂಗಪುರದ ಓಣಿ ಓಣಿ ಸುತ್ತಿ, ರಬಕವಿ, ಬನಹಟ್ಟಿ, ತೇರದಾಳದ ತನಕ ಮನೆಗಳಿಗೂ ಮಗ್ಗದ ಶೆಡ್ಡುಗಳಿಗೂ ವಾಯರಿಂಗ್ ಮಾಡಿದವನು ನಾನು. ಇಷ್ಟು ವರ್ಷದಲ್ಲಿ ಕಂಡ ಅನಾಹುತಗಳಲ್ಲಿ ಹೆಚ್ಚಿನವು ಯಾರೋ ಚಂದ ಕಾಣಲಿ ಅಂತ ಮುಚ್ಚಿ, ಆಮೇಲೆ ಮರೆತುಬಿಟ್ಟ ವಾಯರಿನಿಂದ ಆದವು. ಇದನ್ನು ಫೋನಿನಲ್ಲಿ ಹೇಳಿ ಮುಗಿಸಲು ಬರುವುದಿಲ್ಲ. ನಿನ್ನ ಹಾಗೆ ಮನೆ ಕಟ್ಟಿಸುತ್ತಿರುವ ಬೇರೆ ಮಕ್ಕಳೂ ಓದಲಿ ಎಂದು ಪತ್ರಿಕೆಗೇ ಬರೆಯುತ್ತಿದ್ದೇನೆ.

ಮುಚ್ಚಬೇಡ ಎಂದು ನಾನು ಹೇಳುವುದಿಲ್ಲ. ಮುಚ್ಚು. ಆದರೆ ಮುಚ್ಚಿದ್ದು ಎಲ್ಲಿದೆ ಎಂಬುದು ನಿನಗೂ ಗೊತ್ತಿರಬೇಕು, ಇಪ್ಪತ್ತು ವರ್ಷದ ಮೇಲೆ ಬರುವ ಮಿಸ್ತ್ರಿಗೂ ಗೊತ್ತಾಗಬೇಕು. ಕೆಟ್ಟಾಗ ಗೋಡೆ ಒಡೆಯದೆ ಹೊರಗೆ ಎಳೆಯಲು ಬರಬೇಕು. ಈ ಎರಡೂ ಆಗುವಂತಿದ್ದರೆ ಮುಚ್ಚು, ಆಗದಿದ್ದರೆ ಗೋಡೆಯ ಮೇಲೆಯೇ ಕಾಣಲಿ ಬಿಡು.

ನಿನ್ನ ಅಜ್ಜ ಕೈಮಗ್ಗದ ನೇಕಾರ. ನೀನು ಹುಟ್ಟುವ ಮೊದಲೇ ಅವನು ಮಗ್ಗದ ಕುಣಿ ಬಿಟ್ಟು ಎದ್ದಿದ್ದ, ಹಾಗಾಗಿ ಅವನು ಕೂತು ನೇಯ್ದದ್ದನ್ನು ನೀನು ನೋಡಿಲ್ಲ. ಒಂದು ಸೀರೆಯ ಹಾಸಿನಲ್ಲಿ ಸಾವಿರಗಟ್ಟಲೆ ಎಳೆ. ಅದರಲ್ಲಿ ಒಂದು ಎಳೆ ಹರಿದರೆ ಅವನ ಬೆರಳು ನೆಟ್ಟಗೆ ಅಲ್ಲಿಗೇ ಹೋಗುತ್ತಿತ್ತು. ಫಣಿಯಲ್ಲಿ ಪ್ರತಿ ಎಳೆಗೂ ಗೊತ್ತಾದ ಸಂದಿ ಇದ್ದದ್ದಕ್ಕೆ ಅದು ಸಾಧ್ಯವಾಗುತ್ತಿತ್ತು. ಹಾಸು ಮುಗಿದಾಗ ಬೆರಳಿಗೆ ಬೂದಿ ಹಚ್ಚಿಕೊಂಡು ಹಳೆಯ ಎಳೆಗೆ ಹೊಸ ಎಳೆಯನ್ನು ಒಂದೊಂದಾಗಿ ಹೊಸೆದು ಕೂಡಿಸುತ್ತಿದ್ದ, ಇಡೀ ದಿನ ಅದೇ ಕೆಲಸ. ಇಳಕಲ್ ಸೀರೆಯಲ್ಲಿ ಮೈಯ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ಜೋಡಿಸುತ್ತಾರಲ್ಲ, ಆ ಕೂಡು ಎಲ್ಲಿ ಬರುತ್ತದೆ ಎಂದು ಕೊಳ್ಳುವ ಹೆಂಗಸಿಗೂ ಗೊತ್ತು. ಅಂಥ ಮನೆತನದ ನಾವು ಮನೆಯಲ್ಲಿ ಹತ್ತು ವಾಯರನ್ನು ಸಿಕ್ಕು ಮಾಡಿ, ಸಿಕ್ಕಿನ ಮೇಲೆ ಪ್ಲೈವುಡ್ ಹೊಡೆದು ಚಂದ ಆಯಿತು ಅನ್ನುವುದು ನನಗೆ ನೋಡಲು ಆಗುವುದಿಲ್ಲ.

ನಾನು ಕೆಲಸ ಕಲಿತಾಗ ಎಲ್ಲ ಮನೆಗಳಲ್ಲೂ ವಾಯರು ಕಾಣುತ್ತಿತ್ತು. ಪಡಸಾಲೆಯ ಗೋಡೆಗೆ ತೇಗದ ಪಟ್ಟಿ, ಪಟ್ಟಿಯ ಮೇಲೆ ಗೇಣಿಗೊಂದು ತಗಡಿನ ಕ್ಲಿಪ್ಪು, ಕ್ಲಿಪ್ಪಿನೊಳಗೆ ಜೋಡಿ ವಾಯರು. ಪಟ್ಟಿಗಳು ಜಂತಿಯ ಗುಂಟ ಹೋಗಿ ಅಡುಗೆಮನೆಗೆ ಇಳಿಯುತ್ತಿದ್ದವು. ಸುಣ್ಣ ಬಳಿಯುವಾಗ ಅದರ ಮೇಲೂ ಬಳಿದುಬಿಡುತ್ತಿದ್ದರು. ನೋಡಲು ಚಂದ ಇರಲಿಲ್ಲ, ಒಪ್ಪುತ್ತೇನೆ. ಆದರೆ ಮನೆಯೊಳಗೆ ಕಾಲಿಟ್ಟ ಕೂಡಲೇ ಕರೆಂಟು ಎಲ್ಲಿಂದ ಬಂದು ಎಲ್ಲಿಗೆ ಹೋಗುತ್ತದೆ ಎಂದು ಓದಿಕೊಳ್ಳಬಹುದಿತ್ತು. ಎಲ್ಲಿ ಕಪ್ಪಾಗಿದೆ, ಎಲ್ಲಿ ಇಲಿ ಹಲ್ಲು ಹಚ್ಚಿದೆ, ಎಲ್ಲಿ ಮಾಳಿಗೆ ಸೋರಿ ತೇವ ಇಳಿದಿದೆ, ಎಲ್ಲವೂ ಕಣ್ಣಿಗೇ ಕಾಣುತ್ತಿತ್ತು.

ಈಗ ಒಂದು ಮನೆಯ ಮಾತು ಹೇಳುತ್ತೇನೆ, ಹೆಸರು ಬೇಡ. ಮುಂದಿನ ಕೋಣೆಯಲ್ಲಿ ಎರಡು ಪಾವರ್‌ಲೂಮು, ಹಿಂದೆ ಸಂಸಾರ. ನಮ್ಮೂರಲ್ಲಿ ಬಹಳ ನೇಕಾರರ ಬಾಳು ಹೀಗೇ. ಮಗಳ ನಿಶ್ಚಿತಾರ್ಥಕ್ಕೆ ಬೀಗರು ಬರುತ್ತಾರೆಂದು ಜೋತಾಡುತ್ತಿದ್ದ ವಾಯರನ್ನೆಲ್ಲ ಒಟ್ಟುಮಾಡಿ, ಎಕ್ಸ್‌ಟೆನ್ಶನ್ ಬೋರ್ಡಿನ ಉಳಿದ ಉದ್ದವನ್ನು ಬಿಗಿಯಾಗಿ ಸುತ್ತಿ, ನೂಲಿನ ಚೀಲಗಳ ಹಿಂದೆ ತಳ್ಳಿ, ಮೇಲೆ ಪರದೆ ಇಳಿಬಿಟ್ಟರು. ಎರಡು ತಿಂಗಳ ಮೇಲೆ ಒಂದು ರಾತ್ರಿ ಸುಟ್ಟ ಅರಿವೆಯ ವಾಸನೆ. ಮನೆಯ ಹಿರಿಯಾಕೆಗೆ ಎಚ್ಚರವಾಗಿ ಮೇನ್ ಸ್ವಿಚ್ ಇಳಿಸಿದಳು, ಅಷ್ಟರಿಂದ ಮನೆ ಉಳಿಯಿತು. ಬೆಳಿಗ್ಗೆ ನಾನು ಹೋಗಿ ಚೀಲ ಸರಿಸಿದೆ. ಸುತ್ತಿದ ವಾಯರಿನ ಮೇಲೆ ಹತ್ತಿಯ ಜುಂಜು ಬೆಕ್ಕಿನ ಮೈಗೂದಲಿನಂತೆ ದಪ್ಪಗೆ ಕೂತಿತ್ತು, ಒಂದು ಕಡೆ ಕಂದು, ನಡುವೆ ಕಪ್ಪು. ಸುತ್ತನ್ನು ಬಿಡಿಸಲು ಹೋದರೆ ಬಿಡಲಿಲ್ಲ. ಒಳಗಿನ ನಾಲ್ಕೈದು ಸುತ್ತು ಕರಗಿ ಒಂದಕ್ಕೊಂದು ಅಂಟಿ ಬೆಲ್ಲದ ಪೆಂಟೆಯ ಹಾಗೆ ಗಟ್ಟಿಯಾಗಿತ್ತು. ಅದನ್ನು ನಾನು ತಂದು ಇಟ್ಟುಕೊಂಡಿದ್ದೇನೆ. ಬಂದಾಗ ತೋರಿಸುತ್ತೇನೆ, ಕೈಯಲ್ಲಿ ಹಿಡಿದು ನೋಡು.

ಯಾಕೆ ಹಾಗಾಯಿತು? ಕರೆಂಟು ಹರಿಯುವ ವಾಯರು ಸ್ವಲ್ಪವಾದರೂ ಬಿಸಿಯಾಗುತ್ತದೆ. ಉದ್ದಕ್ಕೆ ಬಿಟ್ಟರೆ ಆ ಬಿಸಿ ಗಾಳಿಗೆ ಹೋಗುತ್ತದೆ, ಸುತ್ತಿ ಮುಚ್ಚಿದರೆ ಒಳಗೇ ಕೂಡುತ್ತದೆ. ಅದರ ಮೇಲೆ ಜುಂಜು ಹೊದಿಸಿದರೆ ಕಂಬಳಿ ಹೊದಿಸಿದಂತೆ. ಇಸ್ತ್ರಿ ಪೆಟ್ಟಿಗೆ 1000 ವ್ಯಾಟಿನದಾದರೆ 230 ವೋಲ್ಟಿನಲ್ಲಿ ನಾಲ್ಕು ಆಂಪಿಯರ್ ಮೀರಿ ಎಳೆಯುತ್ತದೆ, 2000 ವ್ಯಾಟಿನ ಗೀಸರು ಒಂಬತ್ತರ ಹತ್ತಿರ. ಸಣ್ಣ ಪಿನ್ನಿನ ಸಾಕೆಟ್ಟು ಇರುವುದೇ 6 ಆಂಪಿಯರಿಗೆ. ಅದಕ್ಕೆ ಎಕ್ಸ್‌ಟೆನ್ಶನ್ ಸಿಕ್ಕಿಸಿ, ಅದರಲ್ಲಿ ಇನ್ನೊಂದು ಸಿಕ್ಕಿಸಿ, ಎಲ್ಲವನ್ನೂ ಪೆಟ್ಟಿಗೆಯಲ್ಲಿ ಮುಚ್ಚಿದರೆ ಲೆಕ್ಕ ಎಲ್ಲಿಗೆ ಮುಟ್ಟುತ್ತದೆ ನೀನೇ ಹಾಕು.

ಕೆಲಸದ ಮೇಜಿನ ಬಗ್ಗೆಯೂ ನೀನು ಕೇಳಿದ್ದೆ. ಲ್ಯಾಪ್‌ಟಾಪು, ಮಾನಿಟರು, ರೌಟರು, ಮೊಬೈಲು ಎಲ್ಲ ಸೇರಿದರೂ ಇನ್ನೂರು ವ್ಯಾಟಿನೊಳಗೆ, ಒಂದು ಆಂಪಿಯರ್ ಕೂಡ ಆಗದು. ಅವಕ್ಕೆ ಒಂದು ಒಳ್ಳೆಯ ಎಕ್ಸ್‌ಟೆನ್ಶನ್ ಸಾಕು. ಅದನ್ನು ಮೇಜಿನ ಹಲಗೆಯ ಅಡಿಯಲ್ಲಿ ಸ್ಕ್ರೂ ಹಾಕಿ ಕೂರಿಸು, ನೆಲದಿಂದ ಮೇಲಿದ್ದರೆ ಒರೆಸುವ ನೀರು ತಾಗುವುದಿಲ್ಲ. ವಾಯರುಗಳನ್ನು ಮೇಜಿನ ಹಿಂದಿನ ಕಾಲಿನ ಗುಂಟ ಇಳಿಸು, ನೆಲಕ್ಕೆ ಮುಟ್ಟುವುದು ಒಂದೇ ಒಂದು ಇರಲಿ. ಕಟ್ಟಲು ಬಿಗಿಯುವ ಪ್ಲಾಸ್ಟಿಕ್ ಬೇಡ, ಬಿಚ್ಚಲು ಬರುವ ವೆಲ್ಕ್ರೋ ಪಟ್ಟಿ ತಾ. ಪ್ರತಿ ಪಿನ್ನಿನ ಕುತ್ತಿಗೆಗೆ ಯಾವುದರದು ಎಂದು ಬರೆದ ಚೀಟಿ ಅಂಟಿಸು. ಚಾರ್ಜರಿನ ಡಬ್ಬಿಗಳು ಬಿಸಿಯಾಗುತ್ತವೆ, ಅವನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ಇಡಬೇಡ. ಚಳಿಗಾಲದಲ್ಲಿ ಹೀಟರು ತಂದು ಅದೇ ಬೋರ್ಡಿಗೆ ಹಾಕಿದೆಯೋ, ಇಷ್ಟು ಹೊತ್ತು ಹೇಳಿದ್ದೆಲ್ಲ ವ್ಯರ್ಥ. ಚಾಪೆಯ ಅಡಿಯಲ್ಲಿ, ಬಾಗಿಲಿನ ಸಂದಿಯಲ್ಲಿ ವಾಯರು ದಾಟಿಸುವುದಂತೂ ಬೇಡವೇ ಬೇಡ.

ಇನ್ನು ಹೊಸ ಗೋಡೆಗಳು. ಸ್ವಿಚ್ ಬೋರ್ಡಿನಿಂದ ಪೈಪು ನೆಟ್ಟಗೆ ಮೇಲಕ್ಕೆ ಅಥವಾ ನೆಟ್ಟಗೆ ಅಡ್ಡಕ್ಕೆ ಹೋಗಬೇಕು. ಪೈಪು ಉಳಿಸಲು ಮೂಲೆಯಿಂದ ಮೂಲೆಗೆ ಓರೆಯಾಗಿ ಹಾಕುವವರಿದ್ದಾರೆ. ನಾಳೆ ನೀನು ದೇವರ ಫೋಟೋಕ್ಕೆ ಮೊಳೆ ಹೊಡೆದರೆ ಅದು ಎಲ್ಲಿ ನಾಟುತ್ತದೆ ಎಂದು ಯಾರಿಗೆ ಗೊತ್ತು? ಗೌಂಡಿ ಗೋಡೆ ಕೊರೆಯುವಾಗ ಹತ್ತಿರ ನಿಲ್ಲು. ಆಳದಲ್ಲಿ ನಿಂತ ಕೊರೆತ ಗೋಡೆಯ ದಪ್ಪದ ಮೂರರಲ್ಲೊಂದು ಪಾಲು, ಅಡ್ಡ ಕೊರೆತ ಆರರಲ್ಲೊಂದು ಪಾಲು ಮೀರಬಾರದು. ಒಂಬತ್ತು ಇಂಚಿನ ಗೋಡೆಯಲ್ಲಿ ಅಡ್ಡಕ್ಕೆ ಒಂದೂವರೆ ಇಂಚೇ ಆಯಿತು. ಪೈಪಿನ ಹೊಟ್ಟೆ ಅರ್ಧದಷ್ಟೂ ತುಂಬಬಾರದು, ತುಂಬಿದರೆ ವಾಯರು ಹಿಂದಕ್ಕೆ ಎಳೆಯಲು ಬರುವುದಿಲ್ಲ. ಪೈಪಿನೊಳಗೆ ಕೂಡು ಇರಲೇಬಾರದು, ಕೂಡು ಏನಿದ್ದರೂ ಮುಚ್ಚಳ ತೆಗೆಯಬಹುದಾದ ಡಬ್ಬಿಯಲ್ಲಿ. ಆ ಮುಚ್ಚಳಗಳ ಮೇಲೆ ಗಿಲಾವು ಬಳಿಯಲು ಯಾರು ಹೇಳಿದರೂ ಒಪ್ಪಬೇಡ. ಒಳಗೆ ಬರಿ ಹೊಸೆದು ಟೇಪು ಸುತ್ತಿದರೆ ಕೆಲವು ವರ್ಷಕ್ಕೆ ಟೇಪು ಒಣಗಿ ಬಿಚ್ಚುತ್ತದೆ, ಕನೆಕ್ಟರ್ ಹಾಕಿಸು. ದೀಪ, ಫ್ಯಾನಿಗೆ 1.5 ಚದರ ಮಿಲಿಮೀಟರಿನ ತಾಮ್ರ, 16 ಆಂಪಿಯರ್ ಸಾಕೆಟ್ಟಿಗೆ 2.5, ಗೀಸರಿಗೆ 4. ಹಸಿರು ವಾಯರು ಅರ್ಥಿಂಗಿಗೆ ಮಾತ್ರ, ಕಪ್ಪು ನ್ಯೂಟ್ರಲಿಗೆ. ಬಣ್ಣ ಸಿಗಲಿಲ್ಲ ಎಂದು ಯಾವುದೋ ಒಂದನ್ನು ಎಳೆದರೆ ಗೋಡೆಯೊಳಗೆ ಸುಳ್ಳು ಹೂತಿಟ್ಟಂತೆ.

ಟಿವಿಯ ಹಿಂದೆ ವಾಯರು ಇಳಿಬೀಳಬಾರದು ಅಂದೆ. ಟಿವಿಯ ಎತ್ತರಕ್ಕೇ ಸಾಕೆಟ್ಟು ಇಡಿಸು, ಟಿವಿಯ ಸ್ವಂತ ವಾಯರನ್ನು ಗೋಡೆಯಲ್ಲಿ ಹೂಳಬೇಡ. ಕೇಬಲ್ಲು, ಇಂಟರ್‌ನೆಟ್ಟಿಗೆ ಬೇರೆಯೇ ದಪ್ಪ ಪೈಪು ಹಾಕಿಸಿ ಒಳಗೆ ಒಂದು ನೈಲಾನ್ ದಾರ ಬಿಡು. ಮುಂದೆ ಏನು ಹೊಸದು ಬಂದರೂ ಆ ದಾರಕ್ಕೆ ಕಟ್ಟಿ ಎಳೆದರೆ ಆಯಿತು.

ತಂತಿ ಮುಚ್ಚುವ ಆಸೆ ಇಂದಿನದಲ್ಲ. 1882ರಲ್ಲಿ ಎಡಿಸನ್ ನ್ಯೂಯಾರ್ಕಿನ ಪರ್ಲ್ ಬೀದಿಯಿಂದ ಸುತ್ತಲಿನ ಕಟ್ಟಡಗಳಿಗೆ ಕರೆಂಟು ಕೊಟ್ಟಾಗ ತಂತಿಯನ್ನು ನೆಲದೊಳಗೇ ಹಾಕಿದ. ತಾಮ್ರದ ಸಲಾಕೆಗಳನ್ನು ಕಬ್ಬಿಣದ ಕೊಳವೆಯಲ್ಲಿಟ್ಟು, ಇಪ್ಪತ್ತು ಅಡಿಗೆ ಒಂದು ತುಂಡು, ತುಂಡು ಕೂಡುವಲ್ಲಿ ಒಂದೊಂದು ಪೆಟ್ಟಿಗೆ. ಅದೇ ಊರಿನಲ್ಲಿ 1888ರ ಹಿಮಬಿರುಗಾಳಿ ಕಂಬದ ತಂತಿಗಳನ್ನು ಹರಿದು ಬೀದಿಗೆ ಚೆಲ್ಲಿತು. ಮುಚ್ಚುವುದಕ್ಕೂ ಕಾರಣ ಇದೆ, ಆದರೆ ಕೂಡಿಗೆ ಪೆಟ್ಟಿಗೆ ಬೇಕೇ ಬೇಕು.

ಹಳೆಯ ಮನೆಯ ಹಿಂದಿನ ಎರಡು ಕೋಣೆ ಉಳಿಸಿಕೊಳ್ಳುತ್ತೇನೆ ಅಂದಿದ್ದೀಯ, ನನಗೆ ಬಹಳ ಸಂತೋಷ. ಆ ಮಣ್ಣಿನ ಗೋಡೆಯನ್ನು ಮಾತ್ರ ಕೊರೆಸಬೇಡ. ಮಣ್ಣು ಉದುರಿ ಕೊರೆತ ಅಗಲವಾಗುತ್ತಲೇ ಹೋಗುತ್ತದೆ, ಜೋಳದ ವಾಸನೆಗೆ ಬಂದ ಇಲಿಗೆ ಅದೇ ದಾರಿ. ಅಲ್ಲಿ ಗೋಡೆಯ ಮೇಲೆ ಬಿಳಿ ಪಿವಿಸಿ ಕೇಸಿಂಗ್ ಹಾಕಿಸು. ಜಂತಿಯ ನೆರಳಿನಲ್ಲಿ, ಬಾಗಿಲ ಚೌಕಟ್ಟಿನ ಗುಂಟ ತಂದರೆ ಹುಡುಕಿದವರಿಗೆ ಮಾತ್ರ ಕಾಣುತ್ತದೆ.

ಅರ್ಥಿಂಗ್ ಗುಂಡಿಯನ್ನೂ ಜನ ಮುಚ್ಚುತ್ತಾರೆ, ಮೇಲೆ ಟೈಲ್ಸು ಹಾಕಿ ಮೋಟರ್ ಸೈಕಲ್ ನಿಲ್ಲಿಸುತ್ತಾರೆ. ನಮ್ಮದು ಎರೆಮಣ್ಣು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ಒಳಗೆ ಹೂತ ತಗಡಿಗೂ ಮಣ್ಣಿಗೂ ಇದ್ದ ಸಂಬಂಧ ಬಿಡುತ್ತದೆ. ಗುಂಡಿಗೆ ಎತ್ತಬಹುದಾದ ಮುಚ್ಚಳ ಇರಲಿ, ಶಿವರಾತ್ರಿ ಕಳೆದ ಮೇಲೆ ವಾರಕ್ಕೊಮ್ಮೆ ಎರಡು ಕೊಡ ನೀರು ಹಾಕು. ಮೇನ್ ಬೋರ್ಡಿನಲ್ಲಿ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸದೆ ಮೀಟರು ಚಾಲೂ ಮಾಡಿಸಬೇಡ. ಹೋದಷ್ಟೇ ಕರೆಂಟು ಮರಳಿ ಬಂತೋ ಇಲ್ಲವೋ ಎಂದು ಅದು ನೋಡುತ್ತದೆ. ಇಲಿ ಕಡಿದ ಕಡೆ ಗೋಡೆಗೆ ಸೋರಿದರೆ, ಮಗು ಮುಟ್ಟಿದರೆ, ಲೆಕ್ಕ ತಪ್ಪಿದ ಕ್ಷಣವೇ ಬೀಳುತ್ತದೆ. ಅದರ ಮೇಲಿನ ಪರೀಕ್ಷೆಯ ಗುಂಡಿಯನ್ನು ತಿಂಗಳಿಗೊಮ್ಮೆ ಒತ್ತಿ ನೋಡು. ಆಗಾಗ ಬೀಳುತ್ತದೆಂದು ಕಿತ್ತು ನೇರ ಕೊಡಿಸಿಕೊಂಡವರನ್ನು ನಾನು ನೋಡಿದ್ದೇನೆ. ಅದು ಬಿದ್ದರೆ ಎಲ್ಲಿ ಸೋರುತ್ತಿದೆ ಎಂದು ಹುಡುಕಿಸು.

ವಾಯರಿಂಗ್ ಕೆಲಸ ಪರ್ಮಿಟ್ ಇರುವವರ ಕೈಯಲ್ಲೇ ಆಗಲಿ. ನೀನು ಮಾಡಬೇಕಾದದ್ದು ಇನ್ನೊಂದಿದೆ. ಪೈಪು ಕೂರಿಸಿದ ಮೇಲೆ, ಗಿಲಾವಿಗೆ ಮೊದಲು, ಒಂದೊಂದು ಗೋಡೆಯ ಫೋಟೋ ತೆಗೆ. ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು ಎಂದು ಕಾಣುವಂತೆ ಅಳತೆಯ ಟೇಪು ಗೋಡೆಗೆ ಹಿಡಿದೇ ತೆಗೆಯಬೇಕು. ಅವನ್ನು ಕಾಗದದ ಮೇಲೆ ಅಚ್ಚು ಹಾಕಿಸಿ ಮೇನ್ ಬೋರ್ಡಿನ ಬಾಗಿಲ ಒಳಬದಿಗೆ ಸಿಕ್ಕಿಸಿಡು, ಫೋನು ಬದಲಾಗುತ್ತದೆ, ಬೋರ್ಡು ಅಲ್ಲೇ ಇರುತ್ತದೆ.

ಟೇಪಿನ ಇನ್ನೊಂದು ತುದಿ ಹಿಡಿಯಲು ಒಬ್ಬರು ಬೇಕಾಗುತ್ತದೆ. ಗೌಂಡಿ ಗಿಲಾವಿಗೆ ಬರುವ ಹಿಂದಿನ ದಿನ ಹೇಳಿ ಕಳಿಸು, ನಾನು ಬೆಳಿಗ್ಗೆ ಏಳಕ್ಕೆ ಬರುತ್ತೇನೆ.

ನಿನ್ನ ಕಾಕಾ,
ಮಹಾಲಿಂಗಪುರ