ಲೂಪಸ್ ರೋಗ: ದಂಪತಿಗಳು ತಿಳಿದಿರಬೇಕಾದ ಲಕ್ಷಣಗಳು

ರೋಗಾಣುಗಳಿಂದ ದೇಹವನ್ನು ಕಾಪಾಡಬೇಕಾದ ರಕ್ಷಣಾ ಶಕ್ತಿಯೇ ಕೆಲವೊಮ್ಮೆ ದಾರಿ ತಪ್ಪಿ ದೇಹದ ಅಂಗಾಂಗಗಳ ಮೇಲೆ ತಿರುಗಿಬೀಳುವುದುಂಟು. ಸಿಸ್ಟಮಿಕ್ ಲೂಪಸ್ ಎರಿಥಿಮಟೋಸಸ್ ಅಂತಹ ಒಂದು ರೋಗ. ಇದನ್ನು ಚಿಕ್ಕದಾಗಿ ಲೂಪಸ್ ಎನ್ನುವರು. ಹತ್ತು ರೋಗಿಗಳಲ್ಲಿ ಸುಮಾರು ಒಂಬತ್ತು ಮಂದಿ ಸ್ತ್ರೀಯರು. ಅವರಲ್ಲಿಯೂ ಹೆಚ್ಚಿನವರು 15ರಿಂದ 45 ವರ್ಷದೊಳಗಿನವರು. ಆದುದರಿಂದ ಇದರ ವಿಷಯವನ್ನು ಪತಿಪತ್ನಿಯರಿಬ್ಬರೂ ಅರಿತಿರುವುದು ಅವಶ್ಯಕ.

ಮೂಗಿನ ಮೇಲಿನಿಂದ ಎರಡೂ ಕೆನ್ನೆಗಳಿಗೆ ಚಿಟ್ಟೆಯು ರೆಕ್ಕೆ ಬಿಚ್ಚಿದಂತೆ ಹರಡುವ ದದ್ದು ಇದರ ಪ್ರಸಿದ್ಧ ಲಕ್ಷಣ. ಬಿಸಿಲಿನಲ್ಲಿ ದುಡಿದು ಬಂದಾಗ ಇದು ಹೆಚ್ಚುವುದು. ಕಪ್ಪು ಮೈಬಣ್ಣದವರಲ್ಲಿ ಕೆಂಪು ಎದ್ದು ಕಾಣದಿರುವುದರಿಂದ ಬಂಗು ಎಂದು ಭಾವಿಸಿ ಸುಮ್ಮನಾಗುವವರುಂಟು. ಬಂಗಿನಿಂದ ಜ್ವರವಾಗಲಿ ಕೀಲುನೋವಾಗಲಿ ಬರುವುದಿಲ್ಲ ಎಂಬುದನ್ನು ನೆನಪಿಡಬೇಕು.

ಎಲ್ಲರಲ್ಲಿಯೂ ದದ್ದು ಇರುವುದಿಲ್ಲ. ಬೆರಳು, ಮಣಿಕಟ್ಟು, ಮೊಣಕಾಲುಗಳ ನೋವು, ಬೆಳಗಿನ ಹೊತ್ತು ಕೀಲುಗಳ ಬಿಗಿತ, ಕಾರಣ ತಿಳಿಯದ ಜ್ವರ, ಅತಿಯಾದ ಆಯಾಸ, ಕೂದಲು ಉದುರುವಿಕೆ, ಬಾಯಲ್ಲಿ ನೋವಿಲ್ಲದ ಹುಣ್ಣು, ಇವು ಒಂದರ ಹಿಂದೊಂದು ಬರಬಹುದು. ಒಂದೊಂದಕ್ಕೂ ಬೇರೆ ಬೇರೆ ಔಷಧಿ ತರುತ್ತಾ ಹೋದರೆ ಮೂಲ ರೋಗ ತಿಳಿಯದೆಯೇ ವರ್ಷಗಳು ಕಳೆಯುವುವು. ಮೂತ್ರಪಿಂಡಗಳಿಗೆ ತಗಲುವ ಪೆಟ್ಟು ಇನ್ನೂ ಅಪಾಯಕರ. ಆಗ ನೋವೇ ಇರುವುದಿಲ್ಲ. ಪಾದ ಹಾಗೂ ಮುಖ ಊದಿಕೊಳ್ಳಬಹುದು, ಮೂತ್ರ ನೊರೆನೊರೆಯಾಗಬಹುದು. ಆದ್ದರಿಂದ ಮೂತ್ರ ಮತ್ತು ರಕ್ತದ ಪರೀಕ್ಷೆ ಆಗಲೇಬೇಕು.

ಕೆಲವು ರೋಗಿಗಳ ರಕ್ತವು ಬೇಗನೆ ಹೆಪ್ಪುಗಟ್ಟುವುದರಿಂದ ಪದೇ ಪದೇ ಗರ್ಭಪಾತವಾಗುವುದುಂಟು. ಇದನ್ನು ನಾಗದೋಷವೆಂದು ಬಗೆದು ಸೊಸೆಯನ್ನು ಹಳಿಯುವುದು ಅನ್ಯಾಯ. ಸಕಾಲದಲ್ಲಿ ತಿಳಿದರೆ ಇದಕ್ಕೆ ಚಿಕಿತ್ಸೆಯುಂಟು. ಲೂಪಸ್ ಅಂಟುರೋಗವೂ ಅಲ್ಲ. ದಾಂಪತ್ಯದಿಂದ ಪತಿಗೆ ತಗಲದು.

ಈ ರೋಗವನ್ನು ಬೇರುಸಹಿತ ಕೀಳಲಾಗದಿದ್ದರೂ ಹತೋಟಿಯಲ್ಲಿಡಬಹುದು. ರೋಗವು ಕನಿಷ್ಠ 6 ತಿಂಗಳು ಶಾಂತವಾಗಿದ್ದ ಬಳಿಕ, ವೈದ್ಯರ ಸಲಹೆಯಂತೆ ಗರ್ಭ ಧರಿಸುವುದು ಕ್ಷೇಮ. ಅಲ್ಲಿಯವರೆಗೆ ನಿರೋಧ್ ಅಥವಾ ವಂಕಿಯನ್ನು ಬಳಸಬಹುದು. ಮಾಲಾ-ಎನ್ ಮಾತ್ರೆಯಲ್ಲಿ ಈಸ್ಟ್ರೋಜೆನ್ ಇರುವುದರಿಂದ ವೈದ್ಯರನ್ನು ಕೇಳದೆ ನುಂಗಬಾರದು. ಮೈಕೋಫಿನೊಲೇಟ್‌ನಂತಹ ಔಷಧಿಗಳು ಶಿಶುವಿಗೆ ಹಾನಿಕರವಾದ ಕಾರಣ, ಗರ್ಭ ನಿಲ್ಲುವ ಮೊದಲೇ ವೈದ್ಯರು ಅವುಗಳನ್ನು ಬದಲಾಯಿಸುವರು. ಆದರೆ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆಯನ್ನು ಬಸುರಿನಲ್ಲಿಯೂ ಮುಂದುವರಿಸಬೇಕು. ಮಗುವಿಗೆ ಕೆಡುಕಾದೀತೆಂಬ ಭಯದಿಂದ ತಾವಾಗಿಯೇ ನಿಲ್ಲಿಸಿದರೆ ರೋಗ ಕೆರಳುವ ಸಂಭವವುಂಟು.

ಹೆರಿಗೆಯನ್ನು ತಜ್ಞ ವೈದ್ಯರಿರುವ ಆಸ್ಪತ್ರೆಯಲ್ಲಿಯೇ ಮಾಡಿಸಬೇಕು. ಹೆರಿಗೆಯಾದ ಮೇಲಿನ ತಿಂಗಳುಗಳಲ್ಲಿಯೂ ರೋಗ ಮರುಕಳಿಸಬಹುದಾದುದರಿಂದ, ಬಾಣಂತನಕ್ಕೆ ತವರಿಗೆ ಹೋಗುವಾಗ ಮಾತ್ರೆಗಳನ್ನೂ ಆಸ್ಪತ್ರೆಯ ಚೀಟಿಯನ್ನೂ ತಪ್ಪದೆ ಕೊಂಡೊಯ್ಯತಕ್ಕದ್ದು.