ಪ್ರಾಕ್ಸಿ ಸರ್ವರ್: ಸಂಪರ್ಕದ ಮರುಬಳಕೆ ಮತ್ತು ಕಾಲಮಿತಿ

ಅಂತರಜಾಲದಲ್ಲಿ ಆರ್ಡರ್ ಸ್ವೀಕರಿಸುವ ಉದ್ದಿಮೆಗಳಲ್ಲಿ ಗ್ರಾಹಕನ ಬ್ರೌಸರಿಗೂ ಆರ್ಡರ್ ದಾಖಲಿಸುವ ಸರ್ವರಿಗೂ ನಡುವೆ ಅನೇಕ ವೇಳೆ ಪ್ರಾಕ್ಸಿ ಎಂಬ ಮಧ್ಯವರ್ತಿ ತಂತ್ರಾಂಶವಿರುತ್ತದೆ. ಕೋರಿಕೆಯನ್ನು ಒಳಗೆ ತಲುಪಿಸಿ ಉತ್ತರವನ್ನು ಮರಳಿಸುವುದು ಅದರ ಕೆಲಸ. 2004ರಲ್ಲಿ ಇಗೊರ್ ಸಿಸೋಯೆವ್ ಅವರು ಬಿಡುಗಡೆ ಮಾಡಿದ ಎಂಜಿನ್‌ಎಕ್ಸ್ ಇವುಗಳಲ್ಲಿ ಪ್ರಸಿದ್ಧವಾದುದು. ಇದರ ಎರಡು ಹೊಂದಿಕೆಗಳ ಪರಿಣಾಮ ಲೆಕ್ಕಪುಸ್ತಕದವರೆಗೂ ತಲುಪುವುದರಿಂದ ವರ್ತಕರು ಅವುಗಳನ್ನು ಅರಿತಿರುವುದು ಲೇಸು.

ಸಂಪರ್ಕದ ಮರುಬಳಕೆ

ಪ್ರತಿ ಕೋರಿಕೆಗೂ ಹೊಸ ಸಂಪರ್ಕ ತೆರೆದರೆ ಸಮಯವೂ ಸರ್ವರಿನ ಸಾಮರ್ಥ್ಯವೂ ವ್ಯಯವಾಗುತ್ತವೆ. ತೆರೆದ ಸಂಪರ್ಕವನ್ನೇ ಮುಂದಿನ ಕೋರಿಕೆಗೂ ಬಳಸುವುದು ಮಿತವ್ಯಯದ ಮಾರ್ಗ. ಹೀಗೆ ಉಳಿಸಿಕೊಂಡ ಒಳಸಂಪರ್ಕ ಕೆಲಸವಿಲ್ಲದೆ ಎಷ್ಟು ಹೊತ್ತು ತೆರೆದಿರಬೇಕೆಂಬುದಕ್ಕೆ ಎಂಜಿನ್‌ಎಕ್ಸ್‌ನ ಮೂಲ ಹೊಂದಿಕೆ 60 ಸೆಕೆಂಡು. ಒಳಗಿನ ಸರ್ವರ್ ಅದಕ್ಕೂ ಮೊದಲೇ ಸಂಪರ್ಕವನ್ನು ಮುಚ್ಚಿದರೆ, ಅದೇ ಕ್ಷಣದಲ್ಲಿ ಹೊರಟ ಆರ್ಡರಿಗೆ 502 ಎಂಬ ದೋಷಸೂಚನೆ ಬರಬಹುದು. ಆದುದರಿಂದ ಒಳಗಿನ ಸರ್ವರಿನ ಅವಧಿ ಪ್ರಾಕ್ಸಿಯ ಅವಧಿಗಿಂತ ತುಸು ಹೆಚ್ಚಾಗಿರತಕ್ಕದ್ದು.

ಕಾಲಮಿತಿ

ಉತ್ತರಕ್ಕಾಗಿ ಕಾಯುವ ಮೂಲ ಅವಧಿಯೂ 60 ಸೆಕೆಂಡು. ಇದು ಇಡೀ ಉತ್ತರಕ್ಕೆ ನೀಡಿದ ಅವಧಿಯಲ್ಲ; ಒಳಗಿನಿಂದ ಏನೂ ಬಾರದೆ ಕಳೆಯಬಹುದಾದ ಅವಧಿ. ಅದು ಮೀರಿದಾಗ ಗ್ರಾಹಕನಿಗೆ 504 ಎಂಬ ಸೂಚನೆ ಕಾಣುತ್ತದೆ. ಪ್ರಾಕ್ಸಿ ಕಾಯುವುದನ್ನು ನಿಲ್ಲಿಸಿತೆಂದಷ್ಟೇ ಇದರ ಅರ್ಥ, ಆರ್ಡರ್ ದಾಖಲಾಗಲಿಲ್ಲವೆಂದಲ್ಲ.

ಉದಾಹರಣೆಗೆ, ರೂ. 48,000 ಮೌಲ್ಯದ ಆರ್ಡರನ್ನು ಸರ್ವರ್ 65ನೆಯ ಸೆಕೆಂಡಿನಲ್ಲಿ ದಾಖಲಿಸಿತೆನ್ನೋಣ. ಅಷ್ಟರಲ್ಲಿ 504 ಕಂಡ ಗ್ರಾಹಕನು ಮತ್ತೊಮ್ಮೆ ಗುಂಡಿ ಒತ್ತಿದರೆ ಒಂದೇ ಸರಕಿಗೆ ಎರಡು ಬಿಲ್ಲುಗಳಾಗಿ ರೂ. 96,000 ಮಾರಾಟ ದಾಖಲಾಗುತ್ತದೆ. ಬಳಿಕ ಕ್ರೆಡಿಟ್ ನೋಟು, ಜಿಎಸ್‌ಟಿ ತಿದ್ದುಪಡಿ, ದಾಸ್ತಾನು ವ್ಯತ್ಯಾಸ, ಇವೆಲ್ಲವೂ ವರ್ತಕನ ಪಾಲಿಗೆ ಬರುತ್ತವೆ.

ಕಾಲಮಿತಿಯನ್ನು ಸುಮ್ಮನೆ 300 ಸೆಕೆಂಡಿಗೆ ಏರಿಸುವುದು ಪರಿಹಾರವಲ್ಲ. ನಿಧಾನವಾದ ಕೋರಿಕೆಗಳು ಸಾಲುಗಟ್ಟಿ, ಉಳಿದ ಗ್ರಾಹಕರೂ ಕಾಯಬೇಕಾಗುತ್ತದೆ.

ತಂತ್ರಜ್ಞರಿಗೆ ನೀಡಬೇಕಾದ ಸೂಚನೆಗಳು

1. ಒಳಗಿನ ಸರ್ವರಿಗೆ ಸಂಪರ್ಕ ಏರ್ಪಡಿಸುವ ಕಾಲಮಿತಿ ಚಿಕ್ಕದಿರಲಿ; ದೀರ್ಘಾವಧಿಯು ದೊಡ್ಡ ವರದಿಗಳ ಪುಟಗಳಿಗಷ್ಟೇ ಇರಲಿ.

2. ವಿಫಲವಾದ ಆರ್ಡರನ್ನು ಪ್ರಾಕ್ಸಿ ತಾನಾಗಿ ಮತ್ತೆ ಕಳುಹಿಸದಿರಲಿ. 1.9.13ನೆಯ ಆವೃತ್ತಿಯಿಂದ ಎಂಜಿನ್‌ಎಕ್ಸ್, ಸರ್ವರಿಗೆ ಒಮ್ಮೆ ಕಳುಹಿಸಿದ ಇಂತಹ ಕೋರಿಕೆಯನ್ನು ಮೂಲ ಹೊಂದಿಕೆಯಲ್ಲಿ ಪುನಃ ಕಳುಹಿಸುವುದಿಲ್ಲ, ಅದನ್ನು ಬದಲಿಸಬಾರದು.

3. ಪ್ರತಿ ಆರ್ಡರಿಗೂ ಗುಂಡಿ ಒತ್ತುವ ಮೊದಲೇ ಪ್ರತ್ಯೇಕ ಸಂಖ್ಯೆ ನೀಡಿ, ಅದೇ ಸಂಖ್ಯೆ ಮತ್ತೆ ಬಂದರೆ ಹಳೆಯ ಬಿಲ್ಲನ್ನೇ ತೋರಿಸುವಂತಿರಲಿ.

4. ದಿನದ ಕೊನೆಗೆ 502 ಮತ್ತು 504 ದಾಖಲೆಗಳನ್ನು ಆರ್ಡರ್ ಪುಸ್ತಕದೊಡನೆ ತಾಳೆ ನೋಡಲಿ.

ಇವುಗಳಲ್ಲಿ ಮೂರನೆಯದು ಮುಖ್ಯ. ಕಾಲಮಿತಿ ಎಷ್ಟೇ ಇರಲಿ, ಅದು ಮೀರುವ ದಿನ ಬಂದೇ ಬರುತ್ತದೆ. ಅಂದು ಎರಡನೆಯ ಬಿಲ್ಲನ್ನು ತಡೆಯುವುದು ಆ ಸಂಖ್ಯೆಯೇ.